ಹೊಸ ರಿಸೀವರಿನ ಯೋಚನೆ

ಹಿಂದೆ ಊರಿನಲ್ಲಿ ಒಂದು ಮನೆಗೆ ರೇಡಿಯೋ ಬಂದಿತೆಂದರೆ ಅದು ಬೀದಿಗೆಲ್ಲ ಬಂದಂತೆ. ಅದನ್ನಿಡಲು ಗೋಡೆಗೆ ಹಲಗೆ ಹೊಡೆಯಿಸಬೇಕು. ಅದಕ್ಕೆ ಕಸೂತಿ ಹಾಕಿದ ಮುಸುಕು ಹೊಲಿಯಬೇಕು. ಹೆಂಚಿನ ಮೇಲೆ ಏರಿಯಲ್ ತಂತಿ ಕಟ್ಟಿಸಬೇಕು. ಅಂಚೆ ಕಚೇರಿಗೆ ಹೋಗಿ ವರ್ಷವರ್ಷವೂ ಲೈಸೆನ್ಸಿನ ಹಣ ತೆರಬೇಕು. ಗುಂಡಿ ತಿರುಗಿಸಿದೊಡನೆ ಅದು ಮಾತನಾಡುತ್ತಲೂ ಇರಲಿಲ್ಲ. ಒಳಗಿನ ವಾಲ್ವುಗಳು ಕಾಯುವ ತನಕ ಮನೆಮಂದಿಯೆಲ್ಲ ಅದರ ಮುಖ ನೋಡುತ್ತ ಕುಳಿತಿರಬೇಕಾಗಿತ್ತು. ೧೯೩೫ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರವನ್ನಾರಂಭಿಸಿ ಅದಕ್ಕೆ ‘ಆಕಾಶವಾಣಿ’ಯೆಂದು ಹೆಸರಿಟ್ಟರು. ೧೯೬೫ರಲ್ಲಿ ಭದ್ರಾವತಿಯಲ್ಲಿಯೇ ಒಂದು ಕೇಂದ್ರ ಬಂದ ಮೇಲೆ ತರೀಕೆರೆ, ಕಡೂರು, ಅಜ್ಜಂಪುರದ ಕಡೆಯ ಮನೆಗಳಿಗೆ ಕನ್ನಡದ ದನಿ ನೆರೆಮನೆಯ ದನಿಯಷ್ಟು ಹತ್ತಿರವಾಯಿತು. ಆಗ ಒಂದು ಮನೆಯ ವಿಷಯದಲ್ಲಿ ಕೇಳುತ್ತಿದ್ದ ಪ್ರಶ್ನೆ ಒಂದೇ: ರೇಡಿಯೋ ಉಂಟೋ, ಇಲ್ಲವೋ? ಈಗಿನ ಪ್ರಶ್ನೆ ಬೇರೆ. ಇರುವುದು ಸಾಕೋ, ಸಾಲದೋ?

ಕಡೂರಿನ ಗೃಹಸ್ಥರೊಬ್ಬರಿಗೆ ಈ ಪ್ರಶ್ನೆ ಹೋದ ಚಳಿಗಾಲದಲ್ಲಿ ಬಹಳ ಪೀಡೆ ಕೊಟ್ಟಿತು. ಬ್ಯಾಂಕಿನಲ್ಲಿ ಅಧಿಕಾರಿಗಳು, ಸ್ವಂತ ಮನೆ, ತಂದೆ ಕಟ್ಟಿಸಿದ ಮಂಗಳೂರು ಹೆಂಚಿನ ಹಜಾರ, ಶಿವಮೊಗ್ಗೆಯಲ್ಲಿ ಎಂಜಿನಿಯರಿಂಗ್ ಓದುವ ಮಗ, ಎಂಬತ್ತನ್ನು ಸಮೀಪಿಸಿದ ತಾಯಿ. ಮದ್ಯಪಾನ, ಇಸ್ಪೀಟು ಯಾವುದೂ ಇಲ್ಲ. ಇದ್ದ ಹವ್ಯಾಸವೆಂದರೆ ಒಂದೇ: ಭಾನುವಾರದ ಸಂಜೆ ಮನೆಯವರೆಲ್ಲ ಹಜಾರದಲ್ಲಿ ಕುಳಿತು ಒಂದು ಚಲನಚಿತ್ರವನ್ನು ಒಳ್ಳೆಯ ದನಿಯಲ್ಲಿ ನೋಡಬೇಕು. ಅದಕ್ಕೆಂದೇ ೨೦೧೩ರಲ್ಲಿ ಒಂದು ಹೋಮ್ ಥಿಯೇಟರ್ ರಿಸೀವರನ್ನೂ ಆರು ಸ್ಪೀಕರುಗಳನ್ನೂ ಕೊಂಡಿದ್ದರು.

ರಿಸೀವರೆಂಬ ಹೆಸರು ಕೇಳಿ ಅದೊಂದು ರೇಡಿಯೋ ಎಂದು ವಾಚಕರು ತಿಳಿಯಬಾರದು. ಮದುವೆಮನೆಯಲ್ಲಿ ಅಡಿಗೆಯ ಹಿರಿಯ ಭಟ್ಟರು ಒಬ್ಬರಿರುತ್ತಾರಲ್ಲ, ಈ ಪೆಟ್ಟಿಗೆಯದು ಅವರ ಕೆಲಸ. ಟೀವಿಯಿಂದಲೋ ಡಿಸ್ಕಿನಿಂದಲೋ ಒಟ್ಟಾಗಿ ಬಂದ ದನಿಯನ್ನು ಇದು ಬಿಡಿಸುತ್ತದೆ. ಮಾತು ನಡುವಿನ ಸ್ಪೀಕರಿಗೆ, ಸಂಗೀತ ಎಡಬಲಕ್ಕೆ, ಹಿಂದಿನಿಂದ ಬರಬೇಕಾದ ಕುದುರೆಯ ಖುರಪುಟ ಹಿಂದಿನೆರಡಕ್ಕೆ, ಗುಡುಗು ಸಬ್‌ವೂಫರಿಗೆ ಎಂದು ಹಂಚಿ, ಅವರವರ ಪಾಲಿಗೆ ತಕ್ಕ ಬಲವನ್ನೂ ತುಂಬಿ ಕಳುಹಿಸುತ್ತದೆ. ಐದು ಸ್ಪೀಕರು, ಒಂದು ಸಬ್‌ವೂಫರು ಇದ್ದರೆ ಅದನ್ನು ೫.೧ ಎನ್ನುವುದು ರೂಢಿ. ಕಡೂರಿನ ಮನೆಯಲ್ಲಿದ್ದುದು ಅದೇ.

ಪೀಡೆಯ ಮೂಲ ತರೀಕೆರೆಯಲ್ಲಿತ್ತು. ಗೃಹಸ್ಥರ ಅಣ್ಣನವರು ಅಲ್ಲಿ ಅಡಕೆ ತೋಟದವರು. ಬೆಲೆ ಚೆನ್ನಾಗಿ ಬಂದ ವರ್ಷ ಹೊಸ ಆರ್.ಸಿ.ಸಿ. ಮನೆ ಕಟ್ಟಿಸಿ, ಮಹಡಿಯ ಮೇಲಿನ ಒಂದು ಕೋಣೆಯನ್ನು ಇದಕ್ಕಾಗಿಯೇ ಬಿಟ್ಟು, ಒಂಬತ್ತು ಚಾನೆಲಿನ ರಿಸೀವರನ್ನು ತಂದಿಟ್ಟರು. ಸುತ್ತ ಐದು ಸ್ಪೀಕರು. ಮೇಲೆ ಚಾವಣಿಯಲ್ಲಿ ನಾಲ್ಕು. ಡಾಲ್ಬಿ ಅಟ್ಮಾಸ್ ಎಂಬ ಈ ವಿಧಾನ ೨೦೧೨ರಲ್ಲಿ ಚಿತ್ರಮಂದಿರಗಳಿಗೂ ೨೦೧೪ರಲ್ಲಿ ಮನೆಗಳಿಗೂ ಬಂದದ್ದು. ಇದರಲ್ಲಿ ದನಿ ಸುತ್ತಲಿನಿಂದ ಮಾತ್ರವಲ್ಲ, ನೆತ್ತಿಯ ಮೇಲಿನಿಂದಲೂ ಬರುತ್ತದೆ. ಗೃಹಪ್ರವೇಶದ ಮಾರನೆಯ ದಿನ ಎಲ್ಲರನ್ನೂ ಕೂರಿಸಿ ಒಂದು ಇಂಗ್ಲಿಷ್ ಯುದ್ಧದ ಚಿತ್ರ ಹಾಕಿದರು. ಮಳೆ ತಲೆಯ ಮೇಲೆಯೇ ಸುರಿಯಿತು. ಹೆಲಿಕಾಪ್ಟರೊಂದು ಕೋಣೆಯ ಈ ಮೂಲೆಯಿಂದ ಆ ಮೂಲೆಗೆ ಹಾರಿಹೋಗುವಾಗ ಮಕ್ಕಳು ಕತ್ತೆತ್ತಿ ನೋಡಿದರು. ದೊಡ್ಡವರೂ ನೋಡಿದರು, ನೋಡಲಿಲ್ಲವೆಂಬಂತೆ ಕುಳಿತರು. ಅಜ್ಜಿ “ಚೆನ್ನಾಗಿದೆಯಪ್ಪ” ಎಂದರು. ಅರ್ಧ ಚಿತ್ರವಾಗುವುದರೊಳಗೆ ಎದ್ದು ಕೆಳಗಿಳಿದು, ಅಂಗಳದಲ್ಲಿ ಅಡಕೆ ಹರಡುತ್ತಿದ್ದ ಹೆಂಗಸರ ಜತೆ ಕುಳಿತುಬಿಟ್ಟರು. ಅದನ್ನು ಗಮನಿಸಿದವರು ಕಿರಿಯ ಸೊಸೆ ಒಬ್ಬರೇ.

ಕಡೂರಿಗೆ ಹಿಂದಿರುಗಿದ ಮೇಲೆ ಯಜಮಾನರಿಗೆ ತಮ್ಮ ಹಜಾರದ ದನಿ ತಗಡಿನ ದನಿಯಂತೆ ಕೇಳತೊಡಗಿತು. ಹತ್ತು ವರ್ಷಕ್ಕೂ ಮೇಲ್ಪಟ್ಟು ಸಂತೋಷ ಕೊಟ್ಟ ವಸ್ತು ಒಂದು ಸಂಜೆಯಲ್ಲಿ ಕೆಡುವುದು ಹೇಗೆಂಬುದು ತರ್ಕಕ್ಕೆ ನಿಲುಕುವ ವಿಷಯವಲ್ಲ. ಅಕ್ಕಪಕ್ಕದ ಮನೆಯ ಹೊಸ ಸೀರೆಯನ್ನು ಕಂಡು ಬಂದವರಿಗೆ ಮಾತ್ರ ಅದು ಅರ್ಥವಾದೀತು. ರಾತ್ರಿ ಹತ್ತರ ಮೇಲೆ ಕನ್ನಡಕ ಏರಿಸಿಕೊಂಡು ಹೊಸ ರಿಸೀವರುಗಳ ಗುಣಲಕ್ಷಣಗಳನ್ನು ಓದುವುದು ಅಭ್ಯಾಸವಾಯಿತು. ಮನಸ್ಸಿಗೆ ಬಂದದ್ದರ ಬೆಲೆ ಒಂದು ಲಕ್ಷದ ಹತ್ತಿರ. ಹಣವಿರಲಿಲ್ಲವೆಂದಲ್ಲ. ಅವಧಿ ತುಂಬಿದ ಒಂದು ಠೇವಣಿ ಕೈಗೆ ಬಂದಿತ್ತು.

ಯಜಮಾನರು ಲೆಕ್ಕದ ಮನುಷ್ಯರು. ಆಸೆಯನ್ನು ಕೂಡ ಲೆಕ್ಕ ಹಾಕದೆ ಒಳಗೆ ಬಿಟ್ಟುಕೊಳ್ಳುವವರಲ್ಲ. ಹಳೆಯದು ಚಾನೆಲೊಂದಕ್ಕೆ ೮೦ ವ್ಯಾಟಿನದು, ಹೊಸದು ೧೧೦. ಮೂವತ್ತು ವ್ಯಾಟು ಹೆಚ್ಚೆಂದರೆ ದನಿಯೂ ಅಷ್ಟು ಹೆಚ್ಚಲೇಬೇಕಲ್ಲ! ಆದರೆ ಕಿವಿಯ ಗಣಿತ ಬ್ಯಾಂಕಿನ ಗಣಿತವಲ್ಲ. ವ್ಯಾಟನ್ನು ಇಮ್ಮಡಿ ಮಾಡಿದರೆ ದನಿ ಏರುವುದು ಬರಿಯ ೩ ಡೆಸಿಬಲ್. ೮೦ರಿಂದ ೧೧೦ಕ್ಕೆ ಹೋದರೆ ಒಂದೂವರೆ ಡೆಸಿಬಲಿಗೂ ಕಡಮೆ. ಗಮನವಿಟ್ಟು ಕೇಳುವವನಿಗೂ ಅದು ಇದೆಯೋ ಇಲ್ಲವೋ ಎಂಬಷ್ಟು. ದನಿ ಎರಡರಷ್ಟಾಯಿತೆಂದು ಕಿವಿ ಒಪ್ಪಬೇಕಾದರೆ ಸುಮಾರು ೧೦ ಡೆಸಿಬಲ್ ಬೇಕು, ಎಂದರೆ ಹತ್ತರಷ್ಟು ವ್ಯಾಟು. ಅಷ್ಟಕ್ಕೂ ಹನ್ನೆರಡು ಅಡಿ ಅಗಲದ ಹಜಾರದಲ್ಲಿ ಮಾಮೂಲು ಮಟ್ಟದಲ್ಲಿ ಚಿತ್ರ ನೋಡುವಾಗ ಸ್ಪೀಕರು ನುಂಗುವುದು ಕೆಲವೇ ವ್ಯಾಟು. ಉಳಿದದ್ದೆಲ್ಲ ಹಬ್ಬಕ್ಕೆ ಮಾತ್ರ ಹೊರಗೆ ಬರುವ ಬೆಳ್ಳಿಯ ತಟ್ಟೆ.

ವ್ಯಾಟಿನ ವಾದ ಬಿದ್ದುಹೋದ ಮೇಲೆ ಅಟ್ಮಾಸಿನ ವಾದ ಎದ್ದಿತು. ಚಾವಣಿಗೆ ಸ್ಪೀಕರು ಕೂರಿಸಲಾಗದವರಿಗಾಗಿ ಒಂದು ಉಪಾಯವುಂಟು: ನೆಲದ ಸ್ಪೀಕರಿನ ತಲೆಯ ಮೇಲೆ ಮೇಲ್ಮುಖವಾದ ಇನ್ನೊಂದನ್ನಿಟ್ಟು, ದನಿಯನ್ನು ಚಾವಣಿಗೆ ಎಸೆದು, ಅಲ್ಲಿಂದ ಪುಟಿದು ಬರುವುದನ್ನು ಕೇಳುವುದು. ಅದಕ್ಕೆ ಚಾವಣಿ ಸಮತಟ್ಟಾಗಿರಬೇಕು. ಇಳಿಜಾರಿನ ಮಂಗಳೂರು ಹೆಂಚಿಗೆ ಎಸೆದ ದನಿ ಕೇಳುಗರ ಬಳಿಗೆ ಬಾರದೆ ಮತ್ತೆಲ್ಲಿಗೋ ಹೋಗುತ್ತದೆ. ತೊಲೆಗಳಿಂದ ಸ್ಪೀಕರುಗಳನ್ನು ಇಳಿಬಿಡಬಹುದು, ನಿಜ. “ಬಯಲುಸೀಮೆಯಲ್ಲಿ ಮಳೆಗಾಗಿ ಆಕಾಶ ನೋಡುವುದು ಸಾಲದೆ, ಇನ್ನು ಸ್ಪೀಕರಿನ ಮಳೆಗೂ ಕತ್ತೆತ್ತಬೇಕೇನು?” ಎಂದು ಮನೆಯಾಕೆ ಕೇಳಿದರು. ಕಡೂರಿನವರ ಬಾಯಲ್ಲಿ ಈ ಮಾತು ಪೂರ್ತಿ ಹಾಸ್ಯವಲ್ಲ.

ಮೂರನೆಯ ವಾದ ಹೊಸ ಟೀವಿಯದು. ದೀಪಾವಳಿಗೆ ತಂದ ೪ಕೆ ಟೀವಿಯ ಚಿತ್ರವನ್ನು ಹಳೆಯ ರಿಸೀವರು ತನ್ನ ಮೂಲಕ ದಾಟಿಸಲಾರದು. ಇದು ಗಟ್ಟಿಯಾದ ಕಾರಣವೆಂದು ಯಜಮಾನರು ನಂಬಿದ್ದರು. ರಜೆಗೆ ಬಂದ ಮಗ ಅದನ್ನು ಐದು ನಿಮಿಷದಲ್ಲಿ ಕೆಡಿಸಿಬಿಟ್ಟ. ಚಿತ್ರವನ್ನು ನೇರವಾಗಿ ಟೀವಿಗೇ ಕೊಟ್ಟು, ದನಿಯನ್ನು ಮಾತ್ರ ಎ.ಆರ್.ಸಿ. ಎಂದು ಬರೆದಿರುವ ತೂತಿನಿಂದ ಒಂದು ತಂತಿಯಲ್ಲಿ ರಿಸೀವರಿಗೆ ಹಿಂದಿರುಗಿಸಿದ. ೫.೧ ದನಿ ಎಂದಿನಂತೆ ಬಂದಿತು. ಡಿಸ್ಕಿನ ಅತಿ ಶುದ್ಧವಾದ ದನಿ ಮಾತ್ರ ಈ ದಾರಿಯಲ್ಲಿ ಬಾರದು. ಆದರೆ ಆ ಮನೆಯಲ್ಲಿ ಡಿಸ್ಕು ಹಾಕಿ ಮೂರು ವರ್ಷವಾಗಿತ್ತು. ತಂದೆಯ ಮುಖದಲ್ಲಿ ಕೃತಜ್ಞತೆಯ ಬದಲು ನಿರಾಶೆಯನ್ನು ಕಂಡು ಹುಡುಗ ಬೆರಗಾದ.

ಈ ಹಂತದಲ್ಲಿ ಮನೆಯಾಕೆ ಒಂದು ಪ್ರಶ್ನೆ ಹಾಕಿದರು. ಆಕೆ ವಿರೋಧಿಯಲ್ಲ, ಬೇಕಾದರೆ ತಂದುಬಿಡಿ ಎಂದು ಎರಡು ಸಲ ಹೇಳಿದ್ದರು. “ಅಲ್ಲಾಂದ್ರೆ, ಹೊಸದು ಬಂದರೆ ಮಾತು ಇನ್ನೂ ಬಿಡಿಸಿ ಕೇಳುತ್ತದೆಯೇ? ಅತ್ತೆಗೆ ಈಗೀಗ ಕಥೆಯೇ ತಿಳಿಯುವುದಿಲ್ಲವೇನೋ ಎಂದು ನನಗೆ ಅನುಮಾನ.”

ಮುಳುಗುವವನಿಗೆ ಹುಲ್ಲುಕಡ್ಡಿಯಲ್ಲ, ದೋಣಿಯೇ ಸಿಕ್ಕಿತು. ಅಂದಿನಿಂದ ಹೊಸ ರಿಸೀವರು ಬೇಕಾದದ್ದು ಅಮ್ಮನಿಗಾಗಿ. ಮಕ್ಕಳ ಆಸೆಗೆ ಹೀಗೆ ಹಿರಿಯರ ನೆರಳು ಸಿಕ್ಕಿದರೆ ಅದು ಎಷ್ಟು ಬೇಗ ಕರ್ತವ್ಯವಾಗಿಬಿಡುತ್ತದೆಂಬುದನ್ನು ನೋಡಬೇಕು! ಯಜಮಾನರು ಅಂಗಡಿಗೆ ಮುಂಗಡ ಕೊಡಲು ಸಿದ್ಧರಾದರು. ಅದಕ್ಕೆ ಮೊದಲು ಹಳೆಯದನ್ನು ಒಮ್ಮೆ ತೋರಿಸಿ, ಮಾರಿದರೆ ಏನು ಬಂದೀತೆಂದು ಕೇಳಿಕೊಂಡು ಬರಲು ಅಜ್ಜಂಪುರಕ್ಕೆ ಹೊರಟರು.

ಕಡೂರಿನಿಂದ ಹೊರಟ ರೈಲು ಬೀರೂರಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಒಂದು ಹಳಿ ತರೀಕೆರೆಯ ಮೇಲೆ ಶಿವಮೊಗ್ಗೆಗೂ ಇನ್ನೊಂದು ಅಜ್ಜಂಪುರದ ಮೇಲೆ ಚಿಕ್ಕಜಾಜೂರಿಗೂ ಹೋಗುತ್ತವೆ. ಮನಸ್ಸು ಎರಡಾದವನಿಗೆ ಇದಕ್ಕಿಂತ ತಕ್ಕ ಜಂಕ್ಷನ್ ಸಿಕ್ಕಲಾರದು. ಅಮೃತಮಹಲ್ ದನಗಳ ತಳಿ ಕೇಂದ್ರದಿಂದ ಹೆಸರಾದ ಅಜ್ಜಂಪುರದಲ್ಲಿ ಒಬ್ಬ ಹಿರಿಯ ರಿಪೇರಿಯವರಿದ್ದಾರೆ. ವಾಲ್ವ್ ರೇಡಿಯೋಗಳಲ್ಲಿ ಕೈ ಪಳಗಿಸಿ, ಟ್ರಾನ್ಸಿಸ್ಟರು, ಟೇಪ್ ರೆಕಾರ್ಡರುಗಳನ್ನೆಲ್ಲ ದಾಟಿ, ಈಗ ಸುತ್ತಣ ಊರಿನ ಆಂಪ್ಲಿಫಯರುಗಳನ್ನು ನೋಡಿಕೊಳ್ಳುತ್ತಾರೆ. ಚೀಲದಿಂದ ಪೆಟ್ಟಿಗೆಯನ್ನು ಇಳಿಸಿ, ಮೇಲಿನ ತಗಡು ಬಿಚ್ಚಿ, ಕುಂಚದಿಂದ ದೂಳು ಕೊಡವಿ, ಒಂದೊಂದೇ ಚಾನೆಲಿಗೆ ತಮ್ಮ ಸ್ಪೀಕರನ್ನು ಸೇರಿಸಿ ವಾರ್ತೆ ಕೇಳಿದರು. ಕೇಳುವಾಗ ಬಲಗಿವಿಯನ್ನೇ ಹತ್ತಿರ ಕೊಟ್ಟರು; ಎಡಗಿವಿಯ ಹಿಂದೆ ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡದಾದ ಕಂದುಬಣ್ಣದ ಯಂತ್ರವಿತ್ತು.

“ಸೆಟ್ಟಿಗೇನೂ ಆಗಿಲ್ಲ ಸಾರ್. ಏನು ತೊಂದರೆ ಅಂತ ತಂದಿರಿ?”

“ಮಾತು ಸರಿಯಾಗಿ ಕೇಳುವುದಿಲ್ಲ.”

“ಯಾರಿಗೆ?”

ಯಜಮಾನರು ತಾಯಿಯ ವಿಷಯ ಹೇಳಿದರು. ಅವರು ಮತ್ತೆ ಕೇಳಿದ್ದು ನಡುವಿನ ಸ್ಪೀಕರು ಎಲ್ಲಿದೆಯೆಂದು. ಟೀವಿಯ ಕೆಳಗಿನ ಗಾಜಿನ ಬೀರುವಿನೊಳಗೆ. “ಹಾಗಾದರೆ ಇಷ್ಟು ವರ್ಷ ಮಾತೆಲ್ಲ ನಿಮ್ಮ ಮೊಣಕಾಲಿಗೆ ಹೋಗಿದೆ” ಎಂದು ನಕ್ಕು, ಒಂದು ಚೀಟಿಯಲ್ಲಿ ಮಾಡಬೇಕಾದುದನ್ನು ಬರೆದುಕೊಟ್ಟರು. ಸ್ಪೀಕರನ್ನು ಬೀರುವಿನಿಂದ ಹೊರತೆಗೆದು, ಮುಂಭಾಗಕ್ಕೆ ಒಂದು ಬೆಣೆ ಕೊಟ್ಟು, ಮುಖ ಕಿವಿಯ ಕಡೆಗೆ ತಿರುಗುವಂತಿಡುವುದು. ರಿಸೀವರಿನ ಮೆನುವಿನಲ್ಲಿ ನಡುವಿನ ಚಾನೆಲನ್ನು ೩ ಡೆಸಿಬಲ್ ಏರಿಸುವುದು. ಬಾಂಬು ಸಿಡಿದಾಗ ದನಿ ತಗ್ಗಿಸಿ ಪಿಸುಮಾತಿಗೆ ಏರಿಸುವ ‘ನೈಟ್ ಮೋಡ್’ ಹಾಕಿಕೊಳ್ಳುವುದು. ಬರಿಯ ರೆಡ್ ಆಕ್ಸೈಡ್ ನೆಲದ ಮೇಲೆ ಸ್ಪೀಕರಿಗೂ ಸೋಫಾಕ್ಕೂ ನಡುವೆ ಜಮಖಾನ ಹಾಸುವುದು, ದನಿ ನೆಲಕ್ಕೆ ಬಡಿದು ಕಲಸಿಹೋಗದಂತೆ. ತಗಡು ಮುಚ್ಚಿ ತಿರುಪು ಬಿಗಿಯುತ್ತ, “ಇಷ್ಟಾದ ಮೇಲೂ ಅಮ್ಮನಿಗೆ ಕೇಳದಿದ್ದರೆ ಅದು ಸೆಟ್ಟಿನದಲ್ಲ” ಎಂದರು. ಮಾರಾಟದ ಬೆಲೆಯನ್ನು ಕೇಳುವುದು ಯಜಮಾನರಿಗೆ ಮರೆತೇಹೋಯಿತು. ನೂರು ರೂಪಾಯಿ ಕೊಟ್ಟು ಬಂದರು.

ಚೀಟಿಯಲ್ಲಿದ್ದುದೆಲ್ಲ ಆ ರಾತ್ರಿಯೇ ನಡೆಯಿತು. ವ್ಯತ್ಯಾಸ ಚಿಕ್ಕದಲ್ಲ. ಹಳೆಯ ಕನ್ನಡ ಚಿತ್ರವೊಂದರಲ್ಲಿ ನಾಯಕನ ತಾಯಿ ಬಾಗಿಲ ಹಿಂದೆ ನಿಂತು ಗೊಣಗುವ ಮಾತನ್ನು ಎಷ್ಟೋ ಸಲ ಆ ಚಿತ್ರ ನೋಡಿದ್ದ ಯಜಮಾನರು ಮೊದಲ ಬಾರಿಗೆ ಕೇಳಿದರು. ಎಲ್ಲರೂ ಅಜ್ಜಿಯ ಕಡೆ ತಿರುಗಿದರು. “ಚೆನ್ನಾಗಿದೆಯಪ್ಪ” ಎಂದರು ಅವರು.

ಅದೇ ಮಾತು, ಅದೇ ದನಿ. ಮನೆಯಾಕೆಗೆ ಸಮಾಧಾನವಾಗಲಿಲ್ಲ. ಮರುದಿನ ಬೆಳಗ್ಗೆ ಅತ್ತೆ ಹುರುಳಿಕಾಯಿ ಸೋಸುತ್ತಿದ್ದಾಗ, ಮುಖ ಕಾಣದಂತೆ ಹಿಂದೆ ನಿಂತು, ದನಿಯೇರಿಸದೆ ಒಂದೊಂದೇ ಪದ ಹೇಳಿ, “ಏನೆಂದೆ, ಹೇಳಿ ಅತ್ತೆ” ಎಂದರು. ‘ತಾಸು’ ಕಾಸಾಯಿತು. ‘ಸೊಪ್ಪು’ ಉಪ್ಪಾಯಿತು. ‘ಪಾಟಿ’ ಎಂದದ್ದಕ್ಕೆ ಅಜ್ಜಿ ಕೈ ನಿಲ್ಲಿಸಿ ಬಹಳ ಹೊತ್ತು ಯೋಚಿಸಿ “ಆ…ಇ” ಎಂದು ಏನೋ ಹೇಳಿ ನಕ್ಕರು.

ವಯಸ್ಸಾದವರ ಕಿವಿಯ ಸಂಗತಿ ಇದು. ಸ್ವರಗಳು ತಗ್ಗಿನ ಕಂಪನದವು, ಬಲವಾದವು. ಅ, ಇ, ಉ ಎಂಬುವು ದೂರಕ್ಕೂ ಹೋಗುತ್ತವೆ. ಸ, ಶ, ತ, ಪ, ಕ ಮೊದಲಾದ ವ್ಯಂಜನಗಳು ಉಸಿರಿನ ಚೂರುಗಳು. ಹೆಚ್ಚಿನ ಕಂಪನದವು, ಬಲ ಬಹಳ ಕಡಮೆ. ವಯಸ್ಸು ಮೊದಲು ಕೀಳುವುದು ಈ ಮೇಲಿನ ಕಂಪನಗಳನ್ನು. ಹಾಗಾಗಿ ದನಿ ಕೇಳುತ್ತದೆ, ಪದ ತಿಳಿಯುವುದಿಲ್ಲ. ಸುಮ್ಮನೆ ವಾಲ್ಯೂಮ್ ಏರಿಸಿದರೆ ಸ್ವರಗಳು ಅರಚುತ್ತವೆ, ವ್ಯಂಜನಗಳು ಇದ್ದಲ್ಲಿಯೇ ಇರುತ್ತವೆ. ಮಾತಿನ ಅರ್ಥವೆಲ್ಲ ವ್ಯಂಜನದಲ್ಲಿರುವುದರಿಂದ, ಒಂಬತ್ತಲ್ಲ, ಹತ್ತೊಂಬತ್ತು ಚಾನೆಲು ತಂದರೂ ಆ ಕಿವಿಗೆ ಅದು ಸ್ವರಗಳ ಜಾತ್ರೆಯೇ.

“ಎಷ್ಟು ದಿನದಿಂದ ಹೀಗೆ ಅತ್ತೆ?”

“ಎರಡು ವರ್ಷವಾಗಿರಬೇಕು. ಬಂದವರ ಮುಖ ನೋಡಿದರೆ ತಿಳಿಯುತ್ತೆ ಬಿಡು. ಟೀವಿಯಲ್ಲಿ ನೀವೆಲ್ಲ ನಕ್ಕಾಗ ನಾನೂ ನಗ್ತೀನಿ.”

ಈ ಮಾತನ್ನು ಸೊಸೆ ಗಂಡನಿಗೆ ರಾತ್ರಿ ತಿಳಿಸಿದರು. ಅವರು ಕೇಳಿಕೊಂಡರು, ಏನೂ ಹೇಳಲಿಲ್ಲ. ಅಂದು ಗುಣಲಕ್ಷಣಗಳ ಓದು ನಡೆಯಲಿಲ್ಲ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಭದ್ರಾವತಿಯ ಆಕಾಶವಾಣಿ ಕೇಂದ್ರ ಹುಟ್ಟಿದ ೧೯೬೫ರಲ್ಲಿಯೇ ಹುಟ್ಟಿದ್ದು. ಅರಸೀಕೆರೆ, ಹಾಸನಗಳ ಮೇಲೆ ಹೋಗುವ ರೈಲಿನಲ್ಲಿ ತಾಯಿ, ಮಗ, ಸೊಸೆ ಮೂವರೂ ಹೋದರು. ಹೊರಗಿನ ಸದ್ದು ಸುಳಿಯದ ಒಂದು ಪುಟ್ಟ ಕೋಣೆಯಲ್ಲಿ ಅಜ್ಜಿಯನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ದನಿ ಕೇಳಿದಾಗಲೆಲ್ಲ ಗುಂಡಿ ಒತ್ತಬೇಕೆಂದರು. ಗಾಜಿನ ಈಚೆ ನಿಂತ ಮಗನಿಗೆ ಕಾಣುತ್ತಿದ್ದುದು ತಾಯಿಯ ಹೆಬ್ಬೆರಳು ಮಾತ್ರ. ಅದು ಕೆಲವು ಸಲ ಬೇಗ ಬೇಗ ಒತ್ತಿತು. ಆಮೇಲೆ ಬಹಳ ಹೊತ್ತು ಸುಮ್ಮನಿತ್ತು. ಆ ಸುಮ್ಮನಿದ್ದ ಹೊತ್ತಿನಲ್ಲೆಲ್ಲ ಒಳಗೆ ದನಿ ಬರುತ್ತಲೇ ಇದ್ದಿತು. ಕೊನೆಗೆ ಕೈಗೆ ಬಂದ ನಕ್ಷೆಯಲ್ಲಿ ಗೆರೆ ಎಡದಿಂದ ಬಲಕ್ಕೆ ಗುಡ್ಡದ ಇಳಿಜಾರಿನಂತೆ ಇಳಿದಿತ್ತು. ಎರಡು ಕಿವಿಗೂ ಯಂತ್ರ ಬೇಕು. ಈ ಯಂತ್ರ ಎಲ್ಲ ದನಿಯನ್ನೂ ಒಂದೇ ಸಮನೆ ಏರಿಸುವುದಿಲ್ಲ. ನಕ್ಷೆ ಎಲ್ಲೆಲ್ಲಿ ಇಳಿದಿದೆಯೋ ಅಲ್ಲಲ್ಲಿಗೆ ತಕ್ಕಷ್ಟು ಏರಿಸುತ್ತದೆ. ಜೋಡಿಯ ಬೆಲೆ ಕೇಳಿದಾಗ ಠೇವಣಿಯ ಅರ್ಧಕ್ಕೂ ಮಿಕ್ಕು ಹೋಗುವುದೆಂದು ತಿಳಿಯಿತು.

ಅಜ್ಜಿ ಬೇಡವೆಂದರು. ಸಿಟ್ಟಿನಿಂದಲ್ಲ, ಅಂಗಡಿಯಲ್ಲಿ ಸೀರೆ ಬೇಡವೆನ್ನುವಂತೆ. “ಇನ್ನೆಷ್ಟು ದಿನಕ್ಕೆ ಕೇಳಬೇಕಾಗಿದೆ ನಾನು? ಆ ದುಡ್ಡಲ್ಲಿ ನಿನ್ನ ಪೆಟ್ಟಿಗೆ ತಗೊಳ್ಳೋ. ಮೂರು ತಿಂಗಳಿಂದ ರಾತ್ರಿಯೆಲ್ಲ ಅದನ್ನೇ ನೋಡ್ತಿದ್ದೀಯ.” ಕಿವಿ ಕೇಳದವರಿಗೆ ಕಣ್ಣು ಎಷ್ಟು ಚುರುಕೆಂಬುದು ಮಗನಿಗೆ ಆಗ ತಿಳಿಯಿತು. ಹಾಸನದವರೆಗೂ ಯಾರೂ ಮಾತನಾಡಲಿಲ್ಲ. ಅರಸೀಕೆರೆಯಲ್ಲಿ ಕಾಫಿ ಕುಡಿದ ಮೇಲೆ ಯಜಮಾನರು ತಾಯಿಯ ಎದುರಿಗೆ ಕುಳಿತು, ತುಟಿ ಕಾಣುವಂತೆ, ನಿಧಾನವಾಗಿ, “ಅಮ್ಮ, ಮುಂದಿನ ವಾರ ಮತ್ತೆ ಬರೋಣ” ಎಂದರು. ಅಜ್ಜಿ ಕಿಟಕಿಯ ಕಡೆ ತಿರುಗಿಕೊಂಡರು. ಕೇಳಿಸಿತೋ ಇಲ್ಲವೋ ಎಂದು ಅಂದು ಯಾರಿಗೂ ಗೊತ್ತಾಗಲಿಲ್ಲ.

ಯಂತ್ರ ಬಂದ ಮೊದಲ ತಿಂಗಳು ಸುಖದ್ದಲ್ಲ. ಬಹುಕಾಲ ಮೌನಕ್ಕೆ ಒಗ್ಗಿದ ಮಿದುಳಿಗೆ ಸದ್ದುಗಳನ್ನು ಮತ್ತೆ ವಿಂಗಡಿಸುವ ಅಭ್ಯಾಸ ಬರಬೇಕು. ಅದಕ್ಕೆ ವಾರಗಳೇ ಹಿಡಿಯುತ್ತವೆ. ಮೊದಲು ದಿನಕ್ಕೊಂದು ಗಂಟೆ, ಆಮೇಲೆ ಎರಡು. ನಲ್ಲಿ ತೊಟ್ಟಿಕ್ಕುವುದು, ಫ್ಯಾನಿನ ಕಿರಿಕಿರಿ, ಮಗ ಪತ್ರಿಕೆಯ ಹಾಳೆ ತಿರುವುವುದು, ಎಲ್ಲದಕ್ಕೂ ದೂರು. “ಈ ಮನೇಲಿ ಇಷ್ಟು ಗಲಾಟೆ ಇದೆ ಅಂತ ನನಗೆ ಯಾರೂ ಹೇಳಲೇ ಇಲ್ಲ” ಎಂದು ಸೊಸೆಯನ್ನು ಗದರಿಸಿದರು. ಎರಡು ಸಲ ಯಂತ್ರವನ್ನು ಬಿಚ್ಚಿ ಸಾಸಿವೆ ಡಬ್ಬಿಯ ಪಕ್ಕದಲ್ಲಿ ಮರೆತರು. ಹಜಾರದ ರಿಸೀವರಿನ ವಾಲ್ಯೂಮು ಮೊದಲು ೫೨ರಲ್ಲಿರುತ್ತಿತ್ತು, ಈಗ ೩೮ರಲ್ಲಿ ನಿಂತಿದೆ. ಅದಕ್ಕಿಂತ ಏರಿಸಿದರೆ ಅಜ್ಜಿಯೇ ರಿಮೋಟನ್ನು ಕೇಳುತ್ತಾರೆ.

ಹೊಸ ರಿಸೀವರಿನ ಯೋಚನೆ ಪೂರ್ತಿ ಹೋಗಿದೆಯೆಂದು ಹೇಳಲಾಗದು. ತರೀಕೆರೆಯ ಅಣ್ಣನವರು ಅದಕ್ಕೂ ದೊಡ್ಡದನ್ನು ತರುವ ಆಲೋಚನೆಯಲ್ಲಿದ್ದಾರೆ. ಈಗಿರುವುದನ್ನು ತಮ್ಮನಿಗೆ ಅರ್ಧ ಬೆಲೆಗೆ ಕೊಡುವ ಮಾತಾಡಿದ್ದಾರೆ. ಯಜಮಾನರು ಬೇಕೆಂದೂ ಹೇಳಿಲ್ಲ, ಬೇಡವೆಂದೂ ಹೇಳಿಲ್ಲ. ಯುಗಾದಿಗೆ ಎಲ್ಲರೂ ಅಲ್ಲಿಗೆ ಹೋದಾಗ ಅಜ್ಜಿ ತಾವಾಗಿಯೇ ಮಹಡಿ ಹತ್ತಿ, ಹಿಂದೆ ಅರ್ಧಕ್ಕೆ ಬಿಟ್ಟಿದ್ದ ಆ ಚಿತ್ರವನ್ನು ಮೊದಲಿನಿಂದ ಹಾಕೆಂದರು. ಕೊನೆಯವರೆಗೂ ಕುಳಿತು ನೋಡಿದರು. ಹೇಗಿತ್ತೆಂದು ದೊಡ್ಡ ಮಗ ಕೇಳಿದ್ದಕ್ಕೆ, “ಇಂಗ್ಲಿಷಲ್ಲವೇನೋ ಅದು! ಮೊದಲೇ ಹೇಳಬಾರದಿತ್ತೇ?” ಎಂದು ಎದ್ದು, ಅಂಗಳಕ್ಕೆ ಇಳಿದುಹೋದರು.